ಆರನೇ ಮಹಡಿಯಲ್ಲೊಂದು ಅಂಗಳ

ಸಂಜೆ ಆರರ ಹೊತ್ತಿಗೆ ಕುವೈತಿನ ಮಂಗಾಫ್‌ನಲ್ಲಿರುವ ನಮ್ಮ ಕಟ್ಟಡದ ಲಿಫ್ಟು ಪ್ರತಿ ಮಹಡಿಯಲ್ಲೂ ನಿಂತು ನಿಂತು ಮೇಲೇರುತ್ತದೆ. ಹೆಗಲಿಗೆ ಆಫೀಸಿನ ಚೀಲ, ಕೈಯಲ್ಲಿ ಬಕಾಲವೆಂಬ ದಿನಸಿ ಅಂಗಡಿಯಿಂದ ತಂದ ಕುಬ್ಬೂಸು ರೊಟ್ಟಿ, ಸೊಂಟದ ಮೇಲೆ ಬೇಬಿ ಸಿಟ್ಟಿಂಗ್ ಮನೆಯಿಂದ ಎತ್ತಿಕೊಂಡು ಬಂದ ಮಗು. ಬಾಗಿಲು ತೆರೆದು ಚಪ್ಪಲಿ ಬಿಡುವಷ್ಟರಲ್ಲಿ ಮಗುವಿಗೆ ಅಮ್ಮ ಬೇಕು, ಅಮ್ಮನಿಗೆ ಒಲೆ ಹೊತ್ತಿಸಬೇಕು. ರಾತ್ರಿಯ ಊಟವೂ ನಾಳೆಯ ಡಬ್ಬಿಯೂ ಎಂಟರೊಳಗೆ ಮುಗಿಯಬೇಕು, ಎಂಟೂವರೆಗೆ ಮಗು ಮಲಗಬೇಕು. ನಡುವೆ ಉಳಿಯುವ ಎರಡು ಗಂಟೆಯ ಬಗ್ಗೆ ನನ್ನನ್ನು ಕೇಳಿದಷ್ಟು ಇನ್ಯಾವುದರ ಬಗ್ಗೆಯೂ ಜನ ಕೇಳಿಲ್ಲ. ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಾಗ ಕೇಳುತ್ತಾರೆ, ಫಹಾಹೀಲಿನ ತರಕಾರಿ ಅಂಗಡಿಯಲ್ಲಿ ಎದುರಾದಾಗ ಕೇಳುತ್ತಾರೆ, ಅಬ್ಬಾಸಿಯಾದಿಂದ ನೈಟ್ ಡ್ಯೂಟಿ ಮುಗಿಸಿ ಬಂದ ನರ್ಸ್ ಹುಡುಗಿಯರು ವಾಟ್ಸಾಪಿನಲ್ಲಿ ದನಿ ಕಳಿಸಿ ಕೇಳುತ್ತಾರೆ. "ಅಕ್ಕಾ, ಮಗೂ ಜೊತೆ ಆಡೋಕೆ ಟೈಮೇ ಸಿಗ್ತಿಲ್ಲ. ಮನೆಯೊಳಗೇ ಏನಾದ್ರೂ ಸುಲಭದ ಆಟ ಇದ್ರೆ ಹೇಳಿ."

ಆ ದನಿಯಲ್ಲಿ ಪ್ರಶ್ನೆಗಿಂತ ಹೆಚ್ಚಾಗಿ ಒಂದು ಅಳುಕು ಇರುತ್ತದೆ. ತಾನು ಮಗುವಿಗೆ ಏನನ್ನೋ ಕೊಡುತ್ತಿಲ್ಲ ಎಂಬ ಅಳುಕು. ಅದು ನನಗೆ ಚೆನ್ನಾಗಿ ಗೊತ್ತು, ನಾನೂ ಅದನ್ನು ಹೊತ್ತು ತಿರುಗಿದವಳೇ. ಇಲ್ಲಿನ 2010ರ ಕಾರ್ಮಿಕ ಕಾನೂನು ಖಾಸಗಿ ಕಂಪನಿಯಲ್ಲಿ ದುಡಿಯುವ ತಾಯಿಗೆ ಸಂಬಳ ಸಹಿತ 70 ದಿನ ಹೆರಿಗೆ ರಜೆ ಕೊಡುತ್ತದೆ. ಎಪ್ಪತ್ತೊಂದನೆಯ ದಿನದಿಂದ ಮಗು ಇನ್ನೊಬ್ಬರ ಮನೆಯ ಚಾಪೆಯ ಮೇಲೆ ಬೆಳೆಯಲು ಶುರುವಾಗುತ್ತದೆ. ಬಾಣಂತನಕ್ಕೆಂದು ಬಂದ ಅಮ್ಮನೋ ಅತ್ತೆಯೋ ವಿಸಿಟ್ ವೀಸಾ ಮುಗಿದ ಕೂಡಲೇ ಊರಿಗೆ ಹೊರಡುತ್ತಾರೆ. ಆಮೇಲೆ ಮನೆಯಲ್ಲಿ ಮೂರೇ ಜನ, ಅವರಲ್ಲಿ ಇಬ್ಬರು ಹಗಲೆಲ್ಲ ಹೊರಗೆ.

ಮಗುವನ್ನು ಹೊರಗಾದರೂ ಕರೆದುಕೊಂಡು ಹೋಗೋಣವೆಂದರೆ ಕುವೈತಿನ ಬಿಸಿಲು ಬಿಡುವುದಿಲ್ಲ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ವಿಶ್ವ ಹವಾಮಾನ ಸಂಸ್ಥೆ ಪರಿಶೀಲಿಸಿ ಒಪ್ಪಿಕೊಂಡ, ಏಷ್ಯಾ ಖಂಡದಲ್ಲೇ ಅತಿ ಹೆಚ್ಚಿನ ಉಷ್ಣತೆ ಅದು. ಜೂನ್ ಒಂದರಿಂದ ಆಗಸ್ಟ್ ಕೊನೆಯವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂದು ಸರ್ಕಾರವೇ ನಿಷೇಧ ಹೇರುತ್ತದೆ. ಗಟ್ಟಿಮುಟ್ಟಾದ ಗಂಡಸರಿಗೇ ಆಗದ ಬಿಸಿಲಿಗೆ ಒಂದೂವರೆ ವರ್ಷದ ಕೂಸನ್ನು ಒಡ್ಡುವುದುಂಟೆ? ಹೀಗಾಗಿ ವರ್ಷದ ಐದು ತಿಂಗಳು ನಮ್ಮ ಮಕ್ಕಳಿಗೆ ಲೋಕವೆಂದರೆ ಒಂದು ಹಾಲ್, ಒಂದು ಮಲಗುವ ಕೋಣೆ, ಕಿಟಕಿ ತೆರೆಯದ ಗೋಡೆ, ಸದಾ ಗುಂಯ್‌ಗುಡುವ ಏಸಿ.

ನಾನು ಬೆಳೆದದ್ದು ಪುತ್ತೂರಿನ ಕಡೆಯ ಹಳ್ಳಿಯೊಂದರಲ್ಲಿ. ನಮ್ಮಜ್ಜಿ ಎಂದೂ ನಮ್ಮ ಜೊತೆ ಕೂತು ಆಡಿದ್ದು ನನಗೆ ನೆನಪಿಲ್ಲ. ಅವರಿಗೆ ಪುರುಸೊತ್ತೇ ಇರಲಿಲ್ಲ. ಅಡಿಕೆ ಸುಲಿಯುವಾಗ ಪಕ್ಕದಲ್ಲಿ ಕೂತ ಮಗುವಿನ ಮುಂದೆ ನಾಲ್ಕು ಸಿಪ್ಪೆ ಎಸೆಯುತ್ತಿದ್ದರು. ಅಕ್ಕಿ ಕೇರುವಾಗ ಒಂದು ಚಿಕ್ಕ ಗೆರಸಿ ನಮಗೂ ಸಿಗುತ್ತಿತ್ತು. ಅಂಗಳಕ್ಕೆ ಸೆಗಣಿ ಸಾರಿಸುವಾಗ ಒಂದು ಮೂಲೆ ನಮ್ಮದು, ನಾವು ಸಾರಿಸಿದ್ದನ್ನು ಅವರು ಮತ್ತೆ ಸಾರಿಸುತ್ತಿದ್ದರು, ಅದು ಬೇರೆ ಮಾತು. ಮಗು ಕೆಲಸದ ಅಂಚಿನಲ್ಲಿ ಇರುತ್ತಿತ್ತು, ಕೆಲಸವೂ ನಡೆಯುತ್ತಿತ್ತು. ಆಟಕ್ಕೆಂದೇ ಒಂದು ಹೊತ್ತು, ಆಟಕ್ಕೆಂದೇ ಒಂದು ಕೋಣೆ, ಆಡಿಸಲೆಂದೇ ಒಬ್ಬ ದೊಡ್ಡವರು ಎಂಬ ಲೆಕ್ಕ ಆ ಮನೆಯಲ್ಲಿ ಇರಲಿಲ್ಲ. ಕೇಳಿದವರಿಗೆಲ್ಲ ನಾನು ಹೇಳುವುದು ಇದನ್ನೇ: ಬಿಡುವಿಲ್ಲದವರು ಮಗುವಿಗಾಗಿ ಬಿಡುವು ಹುಡುಕುತ್ತಾ ಸೋಲಬೇಡಿ, ನಿಮ್ಮ ಕೆಲಸದಲ್ಲೇ ಮಗುವಿಗೆ ಒಂದು ಮೂಲೆ ಬಿಟ್ಟುಕೊಡಿ.

ಇದು ನನಗೆ ಹೊಳೆದದ್ದು ಚಪಾತಿ ಲಟ್ಟಿಸುತ್ತಿದ್ದ ಒಂದು ಸಂಜೆ. ಮಗಳಿಗೆ ಆಗ ಹದಿನಾಲ್ಕು ತಿಂಗಳು. ಹಾಲ್‌ನಲ್ಲಿ ಬ್ಯಾಟರಿ ಹಾಕಿದ ಬಸ್ಸು ಹಾಡುತ್ತಾ ಸುತ್ತುತ್ತಿತ್ತು, ಅವಳು ಅದರ ಕಡೆ ತಿರುಗಿಯೂ ನೋಡದೆ ನನ್ನ ಕಾಲು ಹಿಡಿದು ಅಳುತ್ತಿದ್ದಳು. ಕೈಯಲ್ಲಿ ಹಿಟ್ಟಿತ್ತು, ಎತ್ತಿಕೊಳ್ಳುವಂತಿರಲಿಲ್ಲ. ಕೆಳಗಿನ ಕಪಾಟನ್ನು ಕಾಲಿನಿಂದಲೇ ತೆರೆದು ಖಾಲಿ ಸ್ಟೀಲ್ ಡಬ್ಬಿಗಳನ್ನು ನೆಲಕ್ಕೆ ಎಳೆದುಬಿಟ್ಟೆ. ಅಳು ನಿಂತಿತು. ಒಂದು ಡಬ್ಬಿಯ ಮುಚ್ಚಳ ತೆಗೆದಳು, ಒಳಗೆ ಇಣುಕಿದಳು, ಮುಚ್ಚಿದಳು, ಮತ್ತೆ ತೆಗೆದಳು. ದೊಡ್ಡ ಮುಚ್ಚಳವನ್ನು ಚಿಕ್ಕ ಡಬ್ಬಿಗೆ ಒತ್ತಿ ಒತ್ತಿ ನೋಡಿದಳು. ಕೂರಲಿಲ್ಲ. ಸಿಟ್ಟಿನಿಂದ ನೆಲಕ್ಕೆ ಬಡಿದಳು, ಆ ಠಣ್ ಸದ್ದು ಇಷ್ಟವಾಗಿ ಇನ್ನೊಮ್ಮೆ ಬಡಿದಳು. ಹನ್ನೆರಡು ಚಪಾತಿ ಬೆಂದವು.

ಅಂದಿನಿಂದ ಆ ಕೆಳಗಿನ ಕಪಾಟು ಅವಳದೇ ಆಯಿತು. ಗಾಜು, ಚೂರಿ, ಸಾಬೂನು, ಔಷಧ ಎಲ್ಲ ಮೇಲಕ್ಕೆ ಹೋದವು. ಕೆಳಗೆ ಉಳಿದದ್ದು ಡಬ್ಬಿ, ಮುಚ್ಚಳ, ಮರದ ಸೌಟು, ಇಡ್ಲಿ ತಟ್ಟೆ, ಜರಡಿ, ಸೋರುವ ಹಳೆಯ ಚೊಂಬು. ವಾರಕ್ಕೊಮ್ಮೆ ಒಂದು ಸಾಮಾನು ತೆಗೆದು ಇನ್ನೊಂದು ಇಡುತ್ತಿದ್ದೆ. ಇಡ್ಲಿ ತಟ್ಟೆಯ ಗುಳಿಗಳಿಗೆ ಉಂಡೆ ಕಟ್ಟಿದ ಕಾಲುಚೀಲಗಳನ್ನು ಒಂದೊಂದಾಗಿ ಕೂರಿಸುವುದರಲ್ಲಿ ಅವಳು ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ. ಒಗೆದ ಬಟ್ಟೆ ಮಡಚುವಾಗ ಕಾಲುಚೀಲದ ಜೋಡಿ ಹುಡುಕುವುದೂ ಅವಳದೇ ಕೆಲಸ. ಮೊದಮೊದಲು ನನ್ನ ಕೆಲಸ ನಿಧಾನವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಳುವ ಮಗುವನ್ನು ಸಮಾಧಾನ ಮಾಡುತ್ತಾ ಕಳೆಯುತ್ತಿದ್ದ ಹೊತ್ತಿಗೆ ಹೋಲಿಸಿದರೆ ಅದು ಏನೂ ಅಲ್ಲ.

ಹಾಡುವ ಬಸ್ಸನ್ನು ಬಿಟ್ಟು ಮುಚ್ಚಳದ ಹಿಂದೆ ಮಗು ಏಕೆ ಬೀಳುತ್ತದೆ? ಗುಂಡಿ ಒತ್ತಿದರೆ ಬಸ್ಸು ಹಾಡುತ್ತದೆ, ಅಲ್ಲಿಗೆ ಅದರ ಕಥೆ ಮುಗಿಯಿತು. ಮುಚ್ಚಳ ಹಾಗಲ್ಲ, ಉರುಳುತ್ತದೆ, ಬಡಿಯುತ್ತದೆ, ಹೊಳೆಯುತ್ತದೆ, ಒಮ್ಮೆ ಕೂರುತ್ತದೆ, ಒಮ್ಮೆ ಕೂರುವುದಿಲ್ಲ. ವರ್ಷ ತುಂಬಿದ ಮಗು ಪ್ರಯೋಗಕ್ಕಿಳಿದ ವಿಜ್ಞಾನಿಯಂತೆ ಎಂದು ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ಕಂಡುಕೊಂಡಿದ್ದರು. ಚಮಚವನ್ನು ಹತ್ತು ಸಲ ಕೆಳಗೆ ಬೀಳಿಸುವುದು ನಮ್ಮನ್ನು ಸತಾಯಿಸಲೆಂದಲ್ಲ, ಪ್ರತಿ ಸಲವೂ ಬೀಳುತ್ತದೆಯೇ, ಬೇರೆ ಕಡೆಯಿಂದ ಬಿಟ್ಟರೆ ಸದ್ದು ಬೇರೆಯಾಗುತ್ತದೆಯೇ ಎಂದು ನೋಡಲು. ಇನ್ನೂ ಒಂದು ಕಾರಣವಿದೆ. ಮುಚ್ಚಳ ಅಮ್ಮನ ಕೈಯಲ್ಲಿದ್ದ ವಸ್ತು. ದೊಡ್ಡವರು ನಿಜವಾಗಿ ಬಳಸುವುದರ ಮೇಲೆ ಮಗುವಿಗೆ ಇರುವ ಆಸೆ ಆಟಿಕೆಯ ಮೇಲೆ ಇರುವುದಿಲ್ಲ. 1907ರಲ್ಲಿ ರೋಮಿನ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸರಿ ಗಮನಿಸಿದ್ದೂ ಇದನ್ನೇ. ಅಲ್ಲಿನ ಮಕ್ಕಳು ಚೆಂದದ ಆಟಿಕೆಗಳನ್ನು ಬದಿಗಿಟ್ಟು ನಿಜವಾದ ಕೆಲಸಗಳ ಕಡೆಗೆ ವಾಲಿದರು. ಎರಡನೇ ಮಹಾಯುದ್ಧದ ವರ್ಷಗಳನ್ನು ಆಕೆ ಕಳೆದದ್ದು ನಮ್ಮಲ್ಲೇ, ಮದ್ರಾಸಿನ ಅಡ್ಯಾರ್ ಮತ್ತು ಕೊಡೈಕನಾಲಿನಲ್ಲಿ. ಅವರ ಹೆಸರಿನ ಶಾಲೆಗಳಿಗೆ ಈಗ ದುಬಾರಿ ಶುಲ್ಕ ಕಟ್ಟುತ್ತೇವೆ. ಅಲ್ಲಿ ಪುಟ್ಟ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸುವುದು, ಚಮಚದಿಂದ ಕಾಳು ತುಂಬುವುದು ಪಾಠವೇ ಆಗಿರುತ್ತದೆ. ಅಡುಗೆಮನೆಯಲ್ಲಿ ಅದಕ್ಕೆ ಶುಲ್ಕವಿಲ್ಲ.

ನೀರಿನ ಆಟದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಕುವೈತಿನಲ್ಲಿ ಅದರ ರೀತಿ ಬೇರೆ. ಬೇಸಿಗೆಯಲ್ಲಿ ಇಲ್ಲಿನ ತಣ್ಣೀರ ನಲ್ಲಿಯಲ್ಲೇ ಬಿಸಿನೀರು ಬರುತ್ತದೆ. ತಾರಸಿಯ ಟ್ಯಾಂಕು ಹಗಲೆಲ್ಲ ಕಾದು, ರಾತ್ರಿಯೂ ಆ ನೀರು ಆರಿರುವುದಿಲ್ಲ. ಹಳಬರು ಹೊಸಬರಿಗೆ ಹೇಳಿಕೊಡುವ ಉಪಾಯವೆಂದರೆ, ಬೇಸಿಗೆ ಬಂದ ಕೂಡಲೇ ಗೀಸರ್ ಆರಿಸಿ ಅದರೊಳಗಿನ ನೀರನ್ನೇ ತಣ್ಣೀರಾಗಿ ಬಳಸುವುದು. ಒಂದು ಜೂನ್ ಮಧ್ಯಾಹ್ನ ನಾನು ಮರೆತು ನಲ್ಲಿ ತಿರುಗಿಸಿ, ಮಗಳು ಕೈಯೊಡ್ಡುವಷ್ಟರಲ್ಲಿ ಎಳೆದುಕೊಂಡದ್ದನ್ನು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಮಗುವಿಗೆ ನಲ್ಲಿ ಬೇಡವೇ ಬೇಡ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಒಂದು ಪಾತ್ರೆ ನೀರು ಹಿಡಿದು ಮುಚ್ಚಿ ಏಸಿ ಕೋಣೆಯಲ್ಲಿಡಿ. ಸಂಜೆಗೆ ಹದವಾಗಿರುತ್ತದೆ. ಅಡುಗೆಮನೆಯ ನೆಲಕ್ಕೆ ಹಳೆಯ ಟವೆಲ್ ಹಾಸಿ, ಅಗಲವಾದ ಬೋಗುಣಿಯಲ್ಲಿ ಎರಡು ಚೊಂಬು ನೀರು, ಒಂದು ಸೌಟು, ಒಂದು ಜರಡಿ, ಎರಡು ಲೋಟ. ಅಷ್ಟೇ. ಈ ದೇಶಕ್ಕೆ ಹೊಳೆಯಿಲ್ಲ, ನಲ್ಲಿಯಲ್ಲಿ ಬರುವುದು ಬಹುಪಾಲು ಸಮುದ್ರದ ಉಪ್ಪು ತೆಗೆದ ನೀರು, ಪೋಲು ಮಾಡುವಂಥದ್ದಲ್ಲ. ಆಟ ಮುಗಿದ ಮೇಲೆ ಅದೇ ನೀರಿನಲ್ಲಿ ನೆಲ ಒರೆಸಿದರೆ ಎರಡು ಕೆಲಸ ಒಟ್ಟಿಗೆ ಮುಗಿಯಿತು. ಒಂದು ಮಾತ್ರ ಕಟ್ಟುನಿಟ್ಟು: ನೀರಿದ್ದಲ್ಲಿ ನೀವು ಕೈಯಳತೆಯಲ್ಲಿ ಇರಬೇಕು, ಎದ್ದು ಹೋಗುವಾಗ ಬೋಗುಣಿ ಬರಿದಾಗಬೇಕು. ಕೆಲವೇ ಇಂಚು ನೀರಿನಲ್ಲೂ ಈ ವಯಸ್ಸಿನ ಮಗು ಮುಳುಗಬಹುದು. ತುಂಬಿದ ಬಕೆಟ್ಟನ್ನು ಬಚ್ಚಲಿನಲ್ಲಿ ಬಿಡುವ ನಮ್ಮ ಊರಿನ ರೂಢಿ ಇಂಥ ಮನೆಯಲ್ಲಿ ಒಳ್ಳೆಯದಲ್ಲ.

ಈ ಬೋಗುಣಿಯ ಪಕ್ಕದಲ್ಲೇ ನನಗೆ ಇನ್ನೊಂದು ಸಂಗತಿ ಕಂಡಿತು. ಬೇಬಿ ಸಿಟ್ಟಿಂಗ್ ಮನೆಯಲ್ಲಿ ಮಗಳ ಕಿವಿಗೆ ಮಲಯಾಳಂ ಬೀಳುತ್ತಿತ್ತು, ಲಿಫ್ಟಿನಲ್ಲಿ ಅರಬ್ಬಿ, ಟೀವಿಯಲ್ಲಿ ಹಿಂದಿ, ಇಂಗ್ಲಿಷು. ಕನ್ನಡಕ್ಕೆ ಉಳಿದದ್ದು ಆ ಎರಡು ಗಂಟೆ. ಅದರಲ್ಲಿ ನಾವು ಹೇಳುತ್ತಿದ್ದದ್ದು "ಬೇಡ", "ಮುಟ್ಟಬೇಡ", "ಬಾ ಇಲ್ಲಿ", "ತಿನ್ನು". ನೀರು ಬಂದ ಮೇಲೆ ಮಾತು ತಾನಾಗಿ ಬಂತು. ನೀರಿಗೆ ನಮ್ಮ ಭಾಷೆಯಲ್ಲಿ ಎಷ್ಟು ಕ್ರಿಯಾಪದಗಳಿವೆ ನೋಡಿ! ಮೊಗೆಯುತ್ತೇವೆ, ಸುರಿಯುತ್ತೇವೆ, ಬಗ್ಗಿಸುತ್ತೇವೆ, ಹೊಯ್ಯುತ್ತೇವೆ, ಎರೆಯುತ್ತೇವೆ, ಚಿಮುಕಿಸುತ್ತೇವೆ. ಅದು ಚೆಲ್ಲುತ್ತದೆ, ತುಳುಕುತ್ತದೆ, ಸೋರುತ್ತದೆ, ತೊಟ್ಟಿಕ್ಕುತ್ತದೆ, ಇಂಗುತ್ತದೆ. ಇವುಗಳನ್ನು ಚಿತ್ರಪುಸ್ತಕದಲ್ಲಿ ತೋರಿಸಿ ಕಲಿಸಲಾಗದು. ಜರಡಿಯಿಂದ ನೀರು ಸೋರುವ ಹೊತ್ತಿಗೇ "ಸೋರಿತು" ಎಂದರೆ ಆ ಮಾತು ಮಗುವಿನ ಕೈಗೆ ಹತ್ತಿ ಉಳಿಯುತ್ತದೆ. ಮಗಳು ಮೊದಲು ಆಡಿದ ಎರಡು ಪದಗಳ ವಾಕ್ಯ "ನೀಲು ಚೆಲ್ತು". ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಚಿಂತೆ ಎಲ್ಲರಿಗೂ ಇದೆ, ಶಾಲೆಗೆ ಹೋಗುವ ವಯಸ್ಸಿನಲ್ಲಿ ಅಕ್ಷರ ತಿದ್ದಿಸಲು ಓಡಾಡುತ್ತೇವೆ. ಅದಕ್ಕೆ ಮೂರು ವರ್ಷ ಮೊದಲೇ ಅಡುಗೆಮನೆಯ ನೆಲದ ಮೇಲೆ ಅರ್ಧ ಭಾಷೆ ಸಿಕ್ಕಿಬಿಡುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಹಿಟ್ಟೂ ಹಾಗೆಯೇ. ಚಪಾತಿ ಹಿಟ್ಟಿನ ನಿಂಬೆಹಣ್ಣಿನ ಗಾತ್ರದ ಒಂದು ಉಂಡೆ ಕೊಟ್ಟರೆ ಹದಿನೈದು ನಿಮಿಷಕ್ಕೆ ಮೋಸವಿಲ್ಲ. ಅಗಲ ತಟ್ಟೆಯಲ್ಲಿ ಅಕ್ಕಿಹಿಟ್ಟನ್ನು ತೆಳುವಾಗಿ ಹರಡಿದರೆ ಬೆರಳಿನಲ್ಲಿ ಗೀಚಲು ರಂಗೋಲಿಯ ಅಂಗಳವೇ ಸಿಕ್ಕಿತು. ಕಾಳಿನ ವಿಷಯದಲ್ಲಿ ಮಾತ್ರ ನಾನು ಪೆಟ್ಟು ತಿಂದು ಕಲಿತೆ. ಕಡಲೆಕಾಳು ತುಂಬಿದ ಬಟ್ಟಲು ಕೊಟ್ಟು ಈರುಳ್ಳಿ ಹೆಚ್ಚುತ್ತಿದ್ದೆ, ತಿರುಗಿ ನೋಡುವಷ್ಟರಲ್ಲಿ ಒಂದು ಕಾಳು ಮೂಗಿನೊಳಗೆ ಹೋಗಿತ್ತು. ರಾತ್ರಿ ಆಸ್ಪತ್ರೆಗೆ ಓಡಿದೆವು, ವೈದ್ಯರು ಚಿಮಟದಿಂದ ತೆಗೆದರು, ಅವಳು ಅಳು ನಿಲ್ಲಿಸಿದ ಮೇಲೂ ನಾನು ಅಳುತ್ತಿದ್ದೆ. ಅಂದು ಅವರು ಹೇಳಿಕೊಟ್ಟ ಅಳತೆಯನ್ನು ಇಂದಿಗೂ ಎಲ್ಲರಿಗೂ ಹೇಳುತ್ತೇನೆ: ಟಾಯ್ಲೆಟ್ ಪೇಪರಿನ ಖಾಲಿ ಕೊಳವೆ ಇಟ್ಟುಕೊಳ್ಳಿ. ಅದರೊಳಗೆ ಯಾವ ವಸ್ತು ಜಾರಿ ಬೀಳುತ್ತದೋ ಅದು ಮೂರು ವರ್ಷದೊಳಗಿನ ಮಗುವಿನ ಕೈಗೆ ಬೇಡ. ಕುಡಿಯುವ ನೀರಿನ ಬಾಟಲಿಯ ಮುಚ್ಚಳ ಸಲೀಸಾಗಿ ಜಾರುತ್ತದೆ, ದ್ರಾಕ್ಷಿ ಜಾರುತ್ತದೆ, ಖರ್ಜೂರದ ಬೀಜ ಜಾರುತ್ತದೆ. ರಿಮೋಟಿನೊಳಗಿನ ಗುಂಡಿಯಂಥ ಬ್ಯಾಟರಿಯಂತೂ ನುಂಗಿದರೆ ಗಂಟೆಗಳೊಳಗೆ ಅನ್ನನಾಳವನ್ನು ಸುಟ್ಟುಬಿಡಬಲ್ಲದು. ಒಡೆದ ಬಲೂನಿನ ಚೂರೂ ಉಸಿರು ಕಟ್ಟಿಸುವಂಥದ್ದು. ಕಾಳಿನ ಬದಲು ಆಲೂಗಡ್ಡೆ, ಈರುಳ್ಳಿ, ನಿಂಬೆಹಣ್ಣು ಕೊಡಿ. ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಸಾಗಿಸುವುದೇ ಈ ವಯಸ್ಸಿನ ದೊಡ್ಡ ಉದ್ಯೋಗ.

ಸಾಗಿಸುವುದೆಂದಾಗ ನೆನಪಾಯಿತು. ಒಂದರಿಂದ ಎರಡು ವರ್ಷದ ಮಗು ದಿನಕ್ಕೆ ಒಟ್ಟು 180 ನಿಮಿಷವಾದರೂ ಮೈ ಆಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮೂರು ಗಂಟೆ! ಎರಡು ಕೋಣೆಯ ಮನೆಯಲ್ಲಿ ಅದು ಹೇಗೆ ಸಾಧ್ಯವೆಂದು ತಾಯಂದಿರು ಕಂಗಾಲಾಗುತ್ತಾರೆ. ಇಲ್ಲಿ ಪ್ರತಿ ಮನೆಗೂ ವಾರವಾರ ಬರುವ ನೀರಿನ ಬಾಟಲಿಗಳ ರಟ್ಟಿನ ಪೆಟ್ಟಿಗೆಯನ್ನು ಎಸೆಯಬೇಡಿ. ಅದರೊಳಗೆ ಎರಡು ತುಂಬಿದ ಬಾಟಲಿ ಹಾಕಿ ನೆಲದ ಮೇಲಿಟ್ಟರೆ ನುಣುಪಾದ ಟೈಲ್ಸಿನ ಮೇಲೆ ಮಗು ಅದನ್ನು ಹಾಲ್‌ನಿಂದ ಕೋಣೆಗೆ, ಕೋಣೆಯಿಂದ ಹಾಲ್‌ಗೆ ತಳ್ಳಿಕೊಂಡು ಹೋಗುತ್ತದೆ. ಬಾಟಲಿ ನಾಲ್ಕಾದರೆ ಇನ್ನೂ ಭಾರ, ಇನ್ನೂ ಖುಷಿ. ಜಮೀಯಾ ಎಂಬ ಸಹಕಾರಿ ಅಂಗಡಿಯಿಂದ ತಂದ ಸಾಮಾನನ್ನು ಬಾಗಿಲಿನಿಂದ ಅಡುಗೆಮನೆಗೆ ಒಂದೊಂದಾಗಿ ಹೊರುವ ಕೆಲಸವನ್ನೂ ಒಪ್ಪಿಸಬಹುದು, ಮೊಟ್ಟೆ ಒಂದನ್ನು ಬಿಟ್ಟು. ದಿಂಬಿನ ಗುಡ್ಡ ಹತ್ತಿ ಇಳಿಯುವುದು, ಮಂಚದ ಕೆಳಗೆ ನುಸುಳುವುದು, ಹೊದಿಕೆಯ ಮೇಲೆ ಕೂರಿಸಿ ಅಪ್ಪ ಎಳೆಯುವುದು ಎಲ್ಲ ಸೇರಿದರೆ ಮೂರು ಗಂಟೆ ತಾನಾಗಿ ತುಂಬುತ್ತದೆ.

ಅಪ್ಪಂದಿರಿಗೂ ಒಂದು ಮಾತು. ಅಹ್ಮದಿಯ ಕಡೆ ಕೆಲಸಕ್ಕೆ ನಸುಕಿಗೆ ಹೊರಟು ಕತ್ತಲಾದ ಮೇಲೆ ಬರುವವರು ಶುಕ್ರವಾರ ಆಟಿಕೆ ಅಂಗಡಿಗೆ ಕರೆದೊಯ್ದು ಬಾಕಿ ತೀರಿಸಲು ನೋಡುತ್ತಾರೆ. ಅದು ಪ್ರೀತಿಯೇ, ಆದರೆ ಮಗುವಿಗೆ ಭಾರವಾಗುತ್ತದೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದಲ್ಲಿ 36 ಪುಟ್ಟ ಮಕ್ಕಳನ್ನು ಒಮ್ಮೆ 4 ಆಟಿಕೆಗಳ ನಡುವೆ, ಇನ್ನೊಮ್ಮೆ 16 ಆಟಿಕೆಗಳ ನಡುವೆ ಬಿಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ನಾಲ್ಕೇ ಇದ್ದಾಗ ಮಕ್ಕಳು ಪ್ರತಿಯೊಂದನ್ನೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ನಮ್ಮ ಮನೆಯಲ್ಲಿ ಆಟಿಕೆಗಳಲ್ಲಿ ಮುಕ್ಕಾಲು ಪಾಲು ಊರಿಗೆ ಒಯ್ಯುವ ಸೂಟ್‌ಕೇಸಿನೊಳಗೆ ಸೇರಿದವು. ಹದಿನೈದು ದಿನಕ್ಕೊಮ್ಮೆ ಬದಲಿಸಿದರೆ ಹಳೆಯದೇ ಹೊಸದು. ಎಂದೂ ಒಳಗೆ ಹೋಗದೆ ಉಳಿದದ್ದು ಚನ್ನಪಟ್ಟಣದ ಆಲೆಮರದ ಉಂಗುರಗಳ ಗೋಪುರ, ಅರಗಿನ ಬಣ್ಣ ಮಾಸಿದರೂ ಮಗಳು ಅದನ್ನು ಬಿಡಲಿಲ್ಲ.

ಮೊಬೈಲಿನ ಬಗ್ಗೆ ನಾನು ಯಾರನ್ನೂ ಬೈಯುವುದಿಲ್ಲ. ಹದಿಮೂರು ಗಂಟೆ ದುಡಿದು ಬಂದ ತಾಯಿ ಹತ್ತು ನಿಮಿಷ ಕಣ್ಣು ಮುಚ್ಚಲೆಂದು ಕೊಟ್ಟ ಫೋನಿನ ಕಷ್ಟ ಆಕೆಗೇ ಗೊತ್ತು. ಎರಡು ವರ್ಷದವರೆಗೆ ಪರದೆ ಬೇಡ, ಆಮೇಲೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದನ್ನು ನೆನಪಿಸುತ್ತೇನೆ, ಅಷ್ಟೇ. ಆದರೆ ವಿಡಿಯೊ ಕರೆಯಲ್ಲಿ ಮುಖ ನೋಡಿ ಮಾತಾಡುವುದನ್ನು ಅಮೆರಿಕದ ಮಕ್ಕಳ ವೈದ್ಯರ ಸಂಘ ತನ್ನ ಇಂಥದೇ ನಿರ್ಬಂಧದಿಂದ ಹೊರಗಿಟ್ಟಿದೆ. ನಮಗೆ ಅದು ವರವೇ ಸರಿ. ಇಲ್ಲಿ ಆರು ಗಂಟೆಯಾದಾಗ ಊರಿನಲ್ಲಿ ಎಂಟೂವರೆ, ಅಜ್ಜಿ ಊಟ ಮುಗಿಸಿ ಕೂತಿರುತ್ತಾರೆ. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟರೆ ಅಜ್ಜಿ ಅಡುಗೆಮನೆಗೇ ಬಂದಂತೆ. ನನ್ನ ಅಮ್ಮ ಸೆರಗು ಮುಖಕ್ಕೆ ಮುಚ್ಚಿ "ಎಲ್ಲಿ ಅಜ್ಜಿ?" ಎನ್ನುತ್ತಿದ್ದರು, ಮಗಳು ಫೋನಿನ ಹಿಂದೆ ಹೋಗಿ ಹುಡುಕುತ್ತಿದ್ದಳು. "ನಿನ್ನ ಹತ್ರ ಈರುಳ್ಳಿ ಇದೆಯಾ, ತೋರಿಸು" ಎಂದರೆ ಓಡಿಹೋಗಿ ತಂದು ಪರದೆಗೆ ಒತ್ತುತ್ತಿದ್ದಳು. ಆ ಅರ್ಧ ಗಂಟೆ ಮಗುವನ್ನು ಆಡಿಸುತ್ತಿದ್ದವರು ಮೂರು ಸಾವಿರ ಕಿಲೋಮೀಟರ್ ಆಚೆ ಇದ್ದರು, ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ.

ಇಷ್ಟೆಲ್ಲ ಹೇಳಿದ ಮೇಲೂ ಸಂಜೆಯಲ್ಲಿ ಹತ್ತು ನಿಮಿಷ ಬರಿಗೈಯಲ್ಲಿ ನೆಲದ ಮೇಲೆ ಕೂರಿ ಎಂದು ಕೇಳಿಕೊಳ್ಳುತ್ತೇನೆ. ಏನನ್ನೂ ಕಲಿಸಬೇಡಿ, "ಇದು ಯಾವ ಬಣ್ಣ" ಎಂದು ಪರೀಕ್ಷೆ ಮಾಡಬೇಡಿ. ಮನೆಯ ಸಾಮಾನುಗಳನ್ನೇ ಬುಟ್ಟಿಯಲ್ಲಿ ತುಂಬಿ ಮಕ್ಕಳ ಮುಂದಿಡುವ ಪದ್ಧತಿಯನ್ನು ರೂಪಿಸಿದ ಬ್ರಿಟನ್ನಿನ ಎಲಿನಾರ್ ಗೋಲ್ಡ್‌ಶ್ಮೀಡ್, ದೊಡ್ಡವರು ಪಕ್ಕದಲ್ಲಿ ಸುಮ್ಮನೆ ಕೂತಿರಬೇಕು ಎನ್ನುತ್ತಿದ್ದರು. ಸುಮ್ಮನಿರುವುದು ಕಷ್ಟ. ಆದರೆ ನೀವು ಕಣ್ಣಳತೆಯಲ್ಲಿ ನೆಮ್ಮದಿಯಾಗಿ ಕೂತಿದ್ದೀರಿ ಎಂದು ಗೊತ್ತಾದ ಮಗು ಎಷ್ಟು ಹೊತ್ತು ತನ್ನ ಪಾಡಿಗೆ ತಾನು ಆಡುತ್ತದೆ ಎಂಬುದನ್ನು ಒಮ್ಮೆ ನೋಡಬೇಕು. ನವೆಂಬರ್ ಬಂದ ಮೇಲೆ ಇದೇ ಹತ್ತು ನಿಮಿಷವನ್ನು ಕಡಲ ದಂಡೆಗೆ ಒಯ್ಯಿರಿ. ಮಾರ್ಚಿನವರೆಗೆ ಮರಳು ತಂಪಾಗಿರುತ್ತದೆ, ಅಡುಗೆಮನೆಯ ಅದೇ ಸೌಟು, ಅದೇ ಚೊಂಬು ಅಲ್ಲಿಗೂ ಸಾಕು.

ಮಗಳಿಗೆ ಎರಡು ತುಂಬಿದ ವಸಂತದಲ್ಲಿ ದೊಡ್ಡ ಧೂಳುಗಾಳಿ ಎದ್ದಿತು. ಮಧ್ಯಾಹ್ನವೇ ಆಕಾಶ ಕಿತ್ತಳೆಯಾಗಿ, ಮುಚ್ಚಿದ ಕಿಟಕಿಯ ಸಂದಿಯಿಂದಲೂ ಮಣ್ಣು ಒಳಗೆ ಬಂತು. ಗಾಳಿ ನಿಂತ ಮೇಲೆ ಒದ್ದೆ ಬಟ್ಟೆ ಹಿಡಿದು ಒರೆಸಲು ಹೊರಟೆ, ಅವಳಿಗೂ ಒಂದು ತುಂಡು ಬಟ್ಟೆ ಕೊಟ್ಟೆ. ಕಿಟಕಿಯ ಕಟ್ಟೆಯ ಮೇಲೆ ತೆಳ್ಳಗೆ ಕೂತಿದ್ದ ಕೆಂಪು ಧೂಳಿನಲ್ಲಿ ಅವಳು ಬೆರಳಿನಿಂದ ಒಂದು ಗೆರೆ ಎಳೆದಳು, ನಿಂತು ನೋಡಿದಳು, ಇನ್ನೊಂದು ಎಳೆದಳು. ಆಮೇಲೆ ಬಟ್ಟೆಯಿಂದ ಎರಡನ್ನೂ ಒರೆಸಿ "ಹೋಯ್ತು" ಎಂದಳು. ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ಹೊರಡುವ ಅವಸರದಲ್ಲಿದ್ದೆ. ಅವಳು ಕುರ್ಚಿ ಎಳೆದುಕೊಂಡು ಕಿಟಕಿಯ ಹತ್ತಿರ ಹೋಗಿ ಕಟ್ಟೆಯ ಮೇಲೆ ಕೈಯಾಡಿಸಿ, ಅಂಗೈ ತಿರುಗಿಸಿ, ಮಣ್ಣು ಮತ್ತೆ ಬಂದಿದೆಯೇ ಎಂದು ನೋಡುತ್ತಿದ್ದಳು.